ಬೆಲ್ ಹೊಡೆಯುವ ತನಕ

ಮೂರನೆಯ ತರಗತಿಗೆ ಬಂದರೂ ನನ್ನ ಮೊಮ್ಮಗಳಿಗೆ ಕೂಡುವ ಲೆಕ್ಕವೆಂದರೆ ಎದೆ ಝಲ್ಲೆನ್ನುತ್ತಿತ್ತು. ಎಂಟೂ ಏಳೂ ಸೇರಿ ಹದಿನೈದೆಂದು ಸರಿಯಾಗಿಯೇ ಹೇಳುವಳು. ಎದುರಿನವರ ಹುಬ್ಬು ಅಲುಗಿದರೆ ಸಾಕು, ಹದಿನಾಲ್ಕಕ್ಕೆ ಇಳಿಯುವಳು. ಮೂವತ್ತೈದು ವರ್ಷ ಲಿಫ್ಟ್ ರಿಪೇರಿ ಮಾಡಿದ ನನಗೆ ಒಲಿದಿದ್ದ ಗಣಿತ ಒಂದೇ, ಭಾರದ್ದು. ಅದನ್ನೇ ಇಸ್ಪೀಟಿನ ಎಲೆಗಳ ಮೇಲೆ ಹೊರಿಸಿ ಅವಳಿಗೊಂದು ಆಟ ಕಟ್ಟಿದೆ.

ಒಂದೊಂದು ಎಲೆಯೂ ಲಿಫ್ಟ್ ಹತ್ತುವ ಒಬ್ಬ ಮನುಷ್ಯ. ಐದರ ಎಲೆ ಐವತ್ತು ಕಿಲೋ, ಎಂಟರದು ಎಂಬತ್ತು; ರಾಜ, ರಾಣಿ, ಗುಲಾಮರು ತಲಾ ನೂರು. ನಮ್ಮ ಕಟ್ಟಡದ ಲಿಫ್ಟಿನ ಮಿತಿ ನಾನೂರ ಎಂಟು. ಎಲೆ ಎತ್ತುತ್ತ, ಕೂಡುತ್ತ, ಮಿತಿಗೆ ಆದಷ್ಟು ಹತ್ತಿರ ಹೋಗಿ ನಿಲ್ಲಬೇಕು. ದಾಟಿದರೆ ನಾನು ಬಾಯಲ್ಲೇ ಬೆಲ್ ಹೊಡೆಯುತ್ತಿದ್ದೆ.

“ರಾಣಿ ಬಂದ್ಲು ತಾತ. ಇವ್ಳು ಮೆಟ್ಟಿಲು ಹತ್ಕೊಂಡು ಬರ್ಲಿ, ಬೊಜ್ಜು ಕರಗತ್ತೆ.”

“ಅದಿರ್ಲಿ, ಒಟ್ಟು ಎಷ್ಟಾಯ್ತು?”

“ನೀನು ಬೆಲ್ ಹೊಡೀಲಿಲ್ವಲ್ಲ. ಅಂದ್ರೆ ಇನ್ನೂ ಜಾಗ ಇದೆ.”

ನಕ್ಕುಬಿಟ್ಟೆ. ನಗಬಾರದಿತ್ತು.

ಎರಡು ತಿಂಗಳಲ್ಲಿ ಆಟ ಕಟ್ಟಡದ ಮಕ್ಕಳಿಗೆಲ್ಲ ಅಂಟಿತು. ಕಾಗದದ ಮನುಷ್ಯರು ಅವರಿಗೆ ಬೇಸರವಾದರು. ನೆಲಮಹಡಿಯ ಹಳೇ ಪೇಪರ್ ಅಂಗಡಿಯಲ್ಲಿ ರದ್ದಿ ತೂಗುವ ಯಂತ್ರದ ಮೇಲೆ ಒಬ್ಬೊಬ್ಬರಾಗಿ ನಿಂತು ತಮ್ಮ ತೂಕ ಬರೆದುಕೊಂಡರು. ಶನಿವಾರ ನಿಜವಾದ ಲಿಫ್ಟಿನಲ್ಲೇ ಆಡುತ್ತೇವೆಂದಾಗ ನಾನು ಒಪ್ಪಿದೆ. ಭಾರ ಮೀರಿದರೆ ಬೆಲ್ ಹೊಡೆಯುತ್ತದೆ, ಲಿಫ್ಟ್ ಕದಲುವುದಿಲ್ಲ. ಇದಕ್ಕಿಂತ ನಿರಪಾಯದ ಆಟ ಬೇರೊಂದಿಲ್ಲವೆಂದು ಅವರ ತಾಯಂದಿರಿಗೂ ನಾನೇ ಹೇಳಿದೆ.

ಶನಿವಾರ ಮಧ್ಯಾಹ್ನ ನಾಲ್ಕನೆಯ ಮಹಡಿಯ ನಮ್ಮ ಬಾಗಿಲಿಗೆ ಮೆಕ್ಯಾನಿಕ್ ಬಂದ. ನನ್ನ ಕೈಕೆಳಗೆ ಕೆಲಸ ಕಲಿತವನು. ಈಗ ತಲೆ ಅರ್ಧ ನರೆತಿದೆ. ಚೊಂಬು ನೀರನ್ನು ಒಂದೇ ಗುಟುಕಿಗೆ ಮುಗಿಸಿದ.

“ಬೆಲ್ ವೈರ್ ಕಿತ್ತಿಟ್ಟಿದೀನಿ ಗುರುಗಳೇ, ಈಗ ಎಷ್ಟು ಜನ ಹತ್ತಿದ್ರೂ ಲಿಫ್ಟ್ ನಿಲ್ಲಲ್ಲ. ಮೂರು ಜನ ಹತ್ತಿದ್ರೂ ಬಡ್ಕೊಳ್ತಿತ್ತು, ಲಿಫ್ಟೂ ನಿಂತ್ಬಿಡ್ತಿತ್ತು. ಎಲ್ಲರ ಹತ್ರ ಬೈಸ್ಕೊಂಡು ಸಾಕಾಯ್ತು.”

“ಬ್ರೇಕ್ ನೋಡಿದ್ಯಾ?”

“ಲೈನಿಂಗ್ ಸವೆದಿದೆ. ಸೋಮವಾರ ಹೊಸದು ಬರತ್ತೆ. ಅಲ್ಲೀತನಕ ನಾಲ್ಕೇ ಜನ ಅಂತ ಬೋರ್ಡ್ ಹಾಕ್ಬೇಕು.”

“ಹಾಕಿದೀಯಾ?”

“ಊಟ ಮಾಡ್ಕೊಂಡು ಬಂದು...”

ಕೆಳಗಿನಿಂದ ಮಕ್ಕಳ ನಗು ಲಿಫ್ಟಿನ ಬಾವಿಯೊಳಗೆ ತೇಲಿ ಬಂತು. ಆ ಬಾವಿಯ ಸುತ್ತ ಇಳಿಯುವ ಮೆಟ್ಟಿಲುಗಳತ್ತ ಓಡಿದೆ.

ಮೊಣಕಾಲುಗಳು ನನ್ನ ಮಾತು ಕೇಳುವುದನ್ನು ಬಿಟ್ಟು ಎಷ್ಟೋ ವರ್ಷವಾಗಿದೆ. ಎರಡನೆಯ ಮಹಡಿಯಲ್ಲಿ ಉಸಿರು ಕಟ್ಟಿತು. “ಇಳೀರಿ” ಎಂದು ಕೂಗಿದೆ. ಆ ಗದ್ದಲದಲ್ಲಿ ಅದು ನನ್ನ ಕಿವಿಗೇ ಸರಿಯಾಗಿ ತಲುಪಲಿಲ್ಲ. ಆದರೆ ಅವರ ಮಾತು ಮಾತ್ರ ಒಂದೊಂದೂ ಮೇಲೇರಿ ಬರುತ್ತಿತ್ತು.

“ಅಂಗಡಿ ಮಾಮ, ನೀವೇ ರಾಜ. ಬನ್ನಿ, ಬನ್ನಿ.”

“ನನ್ನ ಹೊಟ್ಟೆಗೇ ಒಂದು ಟಿಕೆಟ್ ಬೇಕ್ರಪ್ಪೋ.”

ಆಮೇಲೆ ನನ್ನ ಪುಟ್ಟಿಯ ಸಣ್ಣ ದನಿ: “ನಾನೂರ ಐವತ್ತೆರಡು. ಜಾಸ್ತಿ ಆಯ್ತು. ಮಾಮ ಇಳೀಬೇಕು.”

“ಎಲ್ಲಿ ಜಾಸ್ತಿ? ಬೆಲ್ಲೇ ಹೊಡೀಲಿಲ್ಲ.”

“ದಡ್ಡಿ, ಮತ್ತೆ ತಪ್ಪು ಕೂಡಿದಾಳೆ.”

ಮೊದಲ ಮಹಡಿ ಮುಟ್ಟಲು ನನಗೆ ಐದು ಮೆಟ್ಟಿಲು ಉಳಿದಿದ್ದವು. ನಿಂತುಕೋ ತಾಯಿ, ನಿನ್ನ ಲೆಕ್ಕದ ಮೇಲೆ ನಿಂತುಕೋ.

“ಹೂಂ,” ಎಂದಳು. “ತಪ್ಪಿರ್ಬೇಕು.”

ಜಾಲರಿಯ ಬಾಗಿಲು ಎಳೆದು ಮುಚ್ಚಿದರು. ಹಗ್ಗಗಳು ಬಿಗಿದು ನಡುಗಿದವು. ಮೇಲಿನ ಮೋಟಾರಿನ ನರಳಿಕೆಯಲ್ಲೇ ಭಾರವೆಷ್ಟೆಂದು ನನಗೆ ತಿಳಿಯಿತು. ಮೇನ್ ಸ್ವಿಚ್ ಆರಿಸೆಂದು ಮೆಕ್ಯಾನಿಕ್‌ಗೆ ಕೂಗಲು ಬಾಯಿ ತೆರೆದು, ಮುಚ್ಚಿಕೊಂಡೆ. ಕರೆಂಟ್ ಹೋದರೆ ಲಿಫ್ಟನ್ನು ಹಿಡಿಯಬೇಕಾದದ್ದು ಆ ಸವೆದ ಬ್ರೇಕೇ. ಮಹಡಿಯಲ್ಲಿ ನಿಂತಾಗಲೂ ಅದೇ. ಓಡುತ್ತಿರುವಷ್ಟು ಹೊತ್ತು ಮಾತ್ರ ಅವರು ಕ್ಷೇಮ.

ಜಾಲರಿಯಾಚೆ ಬೆಳಕು ನಿಧಾನವಾಗಿ ಏರಿ ಬಂತು. ಅಂಗಡಿಯವನ ತೋಳಿಗೆ ಒತ್ತಿಕೊಂಡು, ಉರಿಯುತ್ತಿದ್ದ ಐದನೆಯ ಮಹಡಿಯ ಗುಂಡಿಯ ಬಳಿ ಅವಳು ನಿಂತಿದ್ದಳು. ತುಟಿಗಳು ಮೊದಲಿನಿಂದ ಮತ್ತೆ ಕೂಡುತ್ತಿದ್ದವು.

“ತಾತ, ನಾನು ಸೋತೆ.”

“ಇಲ್ಲ ಪುಟ್ಟಿ,” ಎಂದೆ, “ನೀನು ಹೇಳಿದ್ದೇ ಸರಿ.”

ಅಷ್ಟರಲ್ಲಿ ಅವಳ ಪಾದಗಳು ನನ್ನ ಕಣ್ಣಿಗಿಂತ ಮೇಲಿದ್ದವು.