ಬಿಳಿ ಗೆರೆಯ ಮೇಲೆ ಅರವತ್ತು ಸಿಲಿಂಡರು

ರುಸುಮೊ ಸೇತುವೆಯ ನಡುವೆ ಒಂದು ಬಿಳಿ ಗೆರೆ. ಈಚೆ ಟಾಂಜಾನಿಯಾ, ಆಚೆ ರುವಾಂಡಾ. ಕೊರೊನಾ ಬಂದ ಮೇಲೆ ಒಂದು ಸರ್ಕಾರದ ತಪಾಸಣೆ ಚೀಟಿಯನ್ನು ಇನ್ನೊಂದು ಸರ್ಕಾರ ಮೂಸಿಯೂ ನೋಡುತ್ತಿರಲಿಲ್ಲ. ಈಚೆಯ ಚಾಲಕ ಗೆರೆಯ ಬಳಿ ಇಳಿದು ಲಾರಿಯನ್ನು ಆಚೆಯವನಿಗೆ ಒಪ್ಪಿಸಬೇಕಿತ್ತು.

ಮಶಾಕನ ಲಾರಿಯಲ್ಲಿ ಅರವತ್ತು ಆಕ್ಸಿಜನ್ ಸಿಲಿಂಡರುಗಳಿದ್ದವು. ಆಚೆಯ ಆಸ್ಪತ್ರೆಯಲ್ಲಿ ಉಳಿದದ್ದು ಸಂಜೆಯವರೆಗೆ ಮಾತ್ರ ಸಾಲುತ್ತಿತ್ತು. ಆದರೆ ಅವನ ಚಿಂತೆ ಬೇರೆಯೇ. ಲಾರಿಯ ಬ್ರೇಕು ಇಳಿಜಾರಿನಲ್ಲಿ ಕೈಕೊಡುತ್ತಿತ್ತು. ಎರಡು ವರ್ಷದಿಂದ ಗೇರಿನಲ್ಲೇ ಹಿಡಿದು ಇಳಿಸುತ್ತಿದ್ದ. ತನ್ನ ಲಾರಿಯನ್ನು ಇನ್ನೊಬ್ಬ ಓಡಿಸುವ ದಿನ ಬರುತ್ತದೆಂದು ಯಾವ ಚಾಲಕ ತಾನೇ ಎಣಿಸಿದ್ದ? ಈಗ ಬಾಯಿಬಿಟ್ಟರೆ ಲಾರಿಯೂ ಹೋಯಿತು, ಲೈಸೆನ್ಸೂ ಹೋಯಿತು, ಆಕ್ಸಿಜನ್ನೂ ಇಲ್ಲೇ ನಿಂತಿತು.

ಆಚೆಯ ಚಾಲಕ ಮುನ್ಯನೇಜ ಕೈಗವಸು ತೊಟ್ಟು ಬಂದ.

"ಇಳಿಜಾರಲ್ಲಿ ಎರಡನೇ ಗೇರು ಬಿಡಬೇಡ ಕಣಪ್ಪಾ," ಮಶಾಕ ದೂರದಿಂದಲೇ ಕೂಗಿದ.

"ನಂಗೇ ಡ್ರೈವಿಂಗ್ ಕಲಿಸ್ತೀಯಾ ಮುದುಕಪ್ಪಾ? ನಮ್ಮ ದೇಶದಲ್ಲಿರೋದೇ ಗುಡ್ಡ!"

ಮುನ್ಯನೇಜ ನಗುತ್ತಾ ಹತ್ತಿ, ಜೇಬಿನಿಂದ ತನ್ನ ಮಗುವಿನ ಪುಟ್ಟ ಚಪ್ಪಲಿ ತೆಗೆದು ಕನ್ನಡಿಗೆ ಕಟ್ಟಿದ. ಎಂಜಿನ್ ಗುರುಗುಟ್ಟಿತು. ಚಪ್ಪಲಿ ತೂಗಾಡತೊಡಗಿತು. ಮಶಾಕ ಕೈ ಬೀಸುತ್ತಾ ಲಾರಿಯ ಮುಂದಕ್ಕೆ ಓಡಿದ.

"ಇಳಿಯೋ ಮಾರಾಯಾ! ಎರಡು ವರ್ಷದಿಂದ ಬ್ರೇಕಿಲ್ಲ ಅದಕ್ಕೆ!"

ಈಚೆಯ ಅಧಿಕಾರಿ ಲಿಮೊ ದಡದಡ ಬಂದು ಕೀ ಕಿತ್ತುಕೊಂಡ. "ಒಂದಡಿ ಕದಲಂಗಿಲ್ಲ ಇದು." ಮುನ್ಯನೇಜ ಚಪ್ಪಲಿ ಬಿಚ್ಚಿಕೊಂಡು ಇಳಿದು ಗೆರೆಯಾಚೆ ಹೋದ.

ಬೇರೆ ಲಾರಿ ಗೆರೆ ದಾಟಿ ಬರಬೇಕಾದರೆ ಎರಡು ರಾಜಧಾನಿಗಳ ಒಪ್ಪಿಗೆ ಬೇಕು. ಆಚೆಯ ಅಧಿಕಾರಿ ಮುಕಮಾನ ಫೋನು ಹಚ್ಚಿದಳು. "ನಾಳೆ ಬೆಳಿಗ್ಗೆ ಅಂತಾರೆ," ಎಂದಳು. ಅಷ್ಟರಲ್ಲಿ ಎಷ್ಟು ಜನ ಸಾಯುತ್ತಾರೆಂದು ರಾಜಧಾನಿಯನ್ನು ಕೇಳುವವರು ಯಾರು?

ಮಶಾಕ ಸಿಲಿಂಡರೊಂದನ್ನು ಇಳಿಸಿ, ಓರೆ ಮಾಡಿ ಉರುಳಿಸುತ್ತಾ ತಂದು ಗೆರೆಯ ಮೇಲೆ ನಿಲ್ಲಿಸಿ ಹತ್ತು ಹೆಜ್ಜೆ ಹಿಂದೆ ಸರಿದ. ಮುನ್ಯನೇಜ ಆಚೆಯಿಂದ ಬಂದು ಉರುಳಿಸಿಕೊಂಡು ಹೋದ. ಎರಡನೆಯದಕ್ಕೆ ಹಿಂದೆ ಸಾಲುಗಟ್ಟಿದ್ದ ಲಾರಿಗಳ ಚಾಲಕರೂ ಇಳಿದು ಬಂದರು. ಆಚೆ ಕಾಯುತ್ತಿದ್ದ ಖಾಲಿ ಲಾರಿಯೊಂದು ತುಂಬತೊಡಗಿತು.

"ತಡೀರಿ ಮೇಡಂ ಅವರನ್ನ!" ಲಿಮೊ ಚೀರಿದ.

"ಗೆರೆ ಯಾರು ದಾಟಿದ್ರು ಸಾರ್? ಏನಂತ ಬರೀಲಿ ನಾನು?" ಎಂದು ಮುಕಮಾನ ಫೋನು ಕೆಳಗಿಟ್ಟಳು.

ಹೊತ್ತು ಇಳಿಯುವ ಮುಂಚೆ ಅರವತ್ತನೆಯದೂ ದಾಟಿತು.

"ಎರಡು ವರ್ಷ ಮುಚ್ಚಿಟ್ಟಿದ್ದೆ, ಅಲ್ವಾ?" ಲಿಮೊ ಕೈಚಾಚಿದ. ಮಶಾಕ ಲೈಸೆನ್ಸು ಕೊಟ್ಟ. ಮೂವತ್ತು ವರ್ಷದ ಅನ್ನ ಅದು.

ಆಚೆಯ ಲಾರಿ ಹೊರಟಿತು. ಮುನ್ಯನೇಜ ತಲೆ ಹೊರಹಾಕಿ, ಚಕ್ರಗಳು ಕಿರ್ರೆನ್ನುವಂತೆ ಒಮ್ಮೆ ನಿಲ್ಲಿಸಿ ಕೂಗಿದ:

"ಮುದುಕಪ್ಪಾ, ಇದಕ್ಕೆ ಬ್ರೇಕಿದೆ!"

ಮಶಾಕ ನಕ್ಕ. ನಗುನಗುತ್ತಲೇ ಅತ್ತುಬಿಟ್ಟ.