ಅಲಿಕುಂಞಿಯ ನಾಲ್ಕು ಸುತ್ತು

ಉಳ್ಳಾಲದ ಅಲಿಕುಂಞಿ ಅಬುಧಾಬಿಯ ಖಾಲಿದಿಯಾದ ಒಂದು ಗ್ರೋಸರಿ ಅಂಗಡಿಯಲ್ಲಿ, ಸೈಕಲಿನಲ್ಲಿ ಮನೆಮನೆಗೆ ಸಾಮಾನು ಮುಟ್ಟಿಸುವ ಕೆಲಸಕ್ಕೆ ಸೇರಿ ಇಪ್ಪತ್ತಮೂರು ವರ್ಷವಾಗಿತ್ತು. ಮುಂದೆ ಬುಟ್ಟಿ, ಹಿಂದೆ ನೀರಿನ ಕ್ಯಾನು, ಹ್ಯಾಂಡಲಿನ ಎರಡೂ ಬದಿಗೆ ಚೀಲ. ಅಷ್ಟೂ ಭಾರ ಎಳೆದ ಕಾಲುಗಳು. ಹಾಗಾಗಿ ಅಕ್ಕನ ಮಗಳು ಶಮೀಮ ಬಂದು, "ಮಾಮ, ಜನವರಿಯಲ್ಲಿ ನೂರೆಂಬತ್ತು ಕಿಲೋಮೀಟರಿನ ಸೈಕಲ್ ರೇಸ್ ಉಂಟು, ಇಬ್ಬಿಬ್ಬರ ಜೋಡಿ. ನನ್ನ ಜೋಡಿ ದೋಹಾಕ್ಕೆ ಕೆಲಸ ಸಿಕ್ಕಿ ಹೋದಳು. ನೀವು ಬರ್ತೀರಾ?" ಎಂದಾಗ ಅವನು ಯೋಚಿಸಲಿಕ್ಕೆ ಕೂರಲಿಲ್ಲ.

"ಹಿಂದೆ ಕ್ಯಾನು ಕಟ್ಟಲಿಕ್ಕುಂಟಾ?" ಎಂದಷ್ಟೇ ಕೇಳಿದ.

"ಎಂತದೂ ಇಲ್ಲ."

"ಹಾಗಾದ್ರೆ ಅದು ರಜೆಯ ಲೆಕ್ಕ."

ಶಮೀಮ ಮಿರ್ದಿಫಿನಲ್ಲಿ ಹಲ್ಲಿನ ಡಾಕ್ಟರು. ಈ ರೇಸಿಗೆಂದು ಎರಡು ವರ್ಷದಿಂದ ತಯಾರಾಗುತ್ತಿದ್ದಳು. ಜೋಡಿಯಲ್ಲಿ ಒಬ್ಬರು ನಿಂತರೆ ಇನ್ನೊಬ್ಬರದೂ ಅಲ್ಲಿಗೇ ಖಲಾಸ್. ಅದರ ಮೇಲೆ ಅವಳ ಸೈಕಲ್ ಕ್ಲಬ್ಬಿನ ಎಲ್ಸಿ ಟೀಚರದ್ದು ಬೇರೆ ಷರತ್ತು. ಮಂಗಳೂರಿನ ಎಲ್ಸಿ ಟೀಚರು ಇಲ್ಲಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ಆಟ ಕಲಿಸುವವರು, ಮಾತಿಗಿಂತ ಸೀಟಿಯಲ್ಲೇ ಹೆಚ್ಚು ನಂಬಿಕೆ. ಅಲ್ ವತ್ಬಾದ ಸೈಕಲ್ ದಾರಿಯಲ್ಲಿ ಮೂವತ್ತು ಕಿಲೋಮೀಟರಿನ ನಾಲ್ಕು ಸುತ್ತು, ನಾಲ್ಕೂವರೆ ಗಂಟೆಯೊಳಗೆ ಮುಗಿಸಿದವರ ಹೆಸರು ಮಾತ್ರ ಅವರು ರೇಸಿಗೆ ಕಳಿಸುವುದು. ಪರೀಕ್ಷೆ ಎರಡೇ ಸಲ, ನವೆಂಬರಿನಲ್ಲಿ ಒಂದು, ಡಿಸೆಂಬರಿನಲ್ಲಿ ಒಂದು.

ನವೆಂಬರಿನದರಲ್ಲಿ ಅಲಿಕುಂಞಿ ಮೂರನೇ ಸುತ್ತಿನಲ್ಲಿ ಬಿದ್ದ. ಯಾರೂ ದೂಡಲಿಲ್ಲ, ಕಲ್ಲು ಸಿಗಲಿಲ್ಲ. ಎರಡೂ ತೊಡೆ ಹಗ್ಗ ಹೊಸೆದ ಹಾಗೆ ಬಿಗಿದು, ಸೈಕಲ್ ಸಮೇತ ಮರಳಿಗೆ ಒರಗಿಬಿಟ್ಟ.

ಶಮೀಮ ಕಾಲು ತಿಕ್ಕುತ್ತಾ, ಅವನ ಸೈಕಲಿನ ನೀರಿನ ಬಾಟಲಿ ಎತ್ತಿ ನೋಡಿದಳು. ಕುತ್ತಿಗೆವರೆಗೆ ತುಂಬಿತ್ತು.

"ಮಾಮ, ನೀರು ಕುಡಿದಿರಾ?"

"ಕುಡಿದೆ."

"ಎಲ್ಲಿಂದ? ಇದು ತುಂಬಿಸಿದ ಹಾಗೇ ಉಂಟಲ್ಲ."

ಅಲಿಕುಂಞಿ ಇದ್ದದ್ದು ಹೇಳಿದ. ಸಾಮಾನು ಕೊಡಲು ಹೋದವನಿಗೆ ಯಾವ ಬಿಲ್ಡಿಂಗಿನಲ್ಲೂ ಕಕ್ಕಸು ತೆರೆಯುವುದಿಲ್ಲ, ಮಸೀದಿಗೆ ಓಡಬೇಕು. ಅಷ್ಟರಲ್ಲಿ ಮೂರು ಆರ್ಡರು ತಡ. ಅದಕ್ಕೆ ಬೆಳಿಗ್ಗೆ ಒಂದು ಚಹಾ ಕುಡಿದರೆ ಮಧ್ಯಾಹ್ನದ ನಮಾಜಿನವರೆಗೆ ಬಾಯಿಗೆ ಹನಿ ನೀರಿಲ್ಲ. "ಬಾಕಿಯವರಿಗೆ ಇದು ಆಗುವುದಿಲ್ಲ, ನನಗೆ ಆಗ್ತದೆ," ಎಂದ, ಬಿದ್ದಲ್ಲಿಂದಲೇ ತುಸು ಹೆಮ್ಮೆಯಲ್ಲಿ.

ಶಮೀಮ ಬೈಯಲಿಲ್ಲ. "ಬೇಸಿಗೆಯಲ್ಲಾದ್ರೆ ನಾಲಿಗೆ ಒಣಗಿ ನೆನಪು ಮಾಡ್ತದೆ. ಈ ಚಳಿಯ ಗಾಳಿಗೆ ಬೆವರು ಕಾಣುವುದೇ ಇಲ್ಲ, ಬಂದ ಹಾಗೇ ಆರಿ ಹೋಗ್ತದೆ. ನಿಮ್ಮ ಕಾಲು ಸೋತದ್ದಲ್ಲ ಮಾಮ, ನೀವದನ್ನು ಉಪವಾಸ ಹಾಕಿದ್ದು," ಎಂದಳು. ಮತ್ತೆ ಕೇಳಿದಳು: "ಈ ಇಪ್ಪತ್ತಮೂರು ವರ್ಷದಲ್ಲಿ ಎಷ್ಟು ಆರ್ಡರು ಮರೆತಿದ್ದೀರಿ?"

"ಒಂದೂ ಇಲ್ಲ."

"ಹಾಗಾದ್ರೆ ನೀರೂ ಒಂದು ಆರ್ಡರು ಅಂತ ಮಾಡಿ."

ಆ ಮಾತು ಅವನಿಗೆ ಹಿಡಿಸಿತು. ಮರುವಾರದಿಂದ ಬೆಳಗಿನ ಜಾವದ ಫಜರ್ ನಮಾಜು ಮುಗಿಸಿ ಹುದೈರಿಯಾತ್ ದ್ವೀಪದ ದಾರಿಗೆ ಹೊರಟರೆ, ಹ್ಯಾಂಡಲಿಗೆ ಅಂಗಡಿಯ ಚೀಟಿಯೊಂದು ಅಂಟಿರುತ್ತಿತ್ತು. ಐದು ಕಿಲೋಮೀಟರ್, ಎರಡು ಗುಟುಕು. ಹತ್ತು, ಎರಡು ಗುಟುಕು. ಹದಿನೈದಕ್ಕೆ ಒಂದು ಖರ್ಜೂರ. ಲಿಂಬೆ, ಉಪ್ಪು, ಸಕ್ಕರೆ ಹಾಕಿದ ನೀರು ಅವನೇ ಕಲಸುತ್ತಿದ್ದ. ಮೊದಲ ನಾಲ್ಕು ದಿನ ಹೊಟ್ಟೆ ನೀರು ತುಂಬಿದ ಕೊಡದ ಹಾಗೆ ಕುಲುಕಿತು. ಐದನೇ ದಿನ ಸುಮ್ಮನಾಯಿತು. ಹತ್ತನೇ ದಿನ ತೊಂಬತ್ತು ಕಿಲೋಮೀಟರ್ ಹೊಡೆದು ಬಂದು, ಎಂದಿನ ಹೊತ್ತಿಗೇ ಅಂಗಡಿಯ ಶಟರ್ ಎತ್ತಿದ.

ಡಿಸೆಂಬರಿನ ಶನಿವಾರ ಅಲ್ ವತ್ಬಾದಲ್ಲಿ ಹಾಲು ಚೆಲ್ಲಿದ ಹಾಗೆ ಮಂಜು. ಅದು ಏಳುವವರೆಗೆ ಎಲ್ಸಿ ಟೀಚರು ಯಾರನ್ನೂ ಬಿಡಲಿಲ್ಲ. ಏಳೂವರೆಗೆ ಸೀಟಿ ಊದಿದರು. "ಅಲಿಕುಂಞಿಯವರೇ, ಇವತ್ತು ಮಲಗಲಿಕ್ಕೆ ಮರಳು ಹುಡುಕಬೇಡಿ."

"ಇಲ್ಲ ಟೀಚರೇ, ಇವತ್ತು ನಿದ್ದೆ ಚೆನ್ನಾಗಿ ಆಗಿದೆ."

ಎರಡು ಸುತ್ತು ಲೆಕ್ಕದ ಪ್ರಕಾರ ಹೋಯಿತು. ಎರಡನೆಯದು ಮುಗಿಯುವಾಗ, ಕುಡಿದ ನೀರು ತನ್ನ ದಾರಿ ಕೇಳಿತು. ಕಕ್ಕಸು ಹೊರಟ ಜಾಗದಲ್ಲೇ ಇತ್ತು. ನಿಂತರೆ ನಾಲ್ಕು ನಿಮಿಷ ಹೋಯಿತು. ತಡೆದು ಹೋದರೆ ಇನ್ನು ಗುಟುಕು ಇಳಿಯುವುದಿಲ್ಲ, ತೊಂಬತ್ತು ಕಿಲೋಮೀಟರ್ ಆಗುವುದರೊಳಗೆ ಮತ್ತೆ ಅದೇ ಮರಳು. ತಡೆಯುವುದು ಅವನಿಗೆ ಎಷ್ಟು ಸುಲಭವೆಂದರೆ, ಕಾಲು ತನ್ನಷ್ಟಕ್ಕೆ ಮುಂದೆ ತುಳಿಯುತ್ತಿತ್ತು. ಅಲಿಕುಂಞಿ ಬ್ರೇಕ್ ಹಿಡಿದ.

"ನೀನು ನಿಧಾನ ಹೋಗ್ತಾ ಇರು ಶಮ್ಮಿ. ಹಿಡೀತೇನೆ."

"ಮಾಮ, ಟೈಮು..."

"ಹಿಡೀತೇನೆ ಅಂದೆನಲ್ಲ. ಯಲ್ಲಾ, ಹೋಗು."

ಎಂಟು ಕಿಲೋಮೀಟರಿಗೆ ಅವಳ ಹಿಂದಿನ ಚಕ್ರ ಕಂಡಿತು. ಕಳೆದ ಸಲ ಬಿದ್ದ ಜಾಗ ಯಾವುದೆಂದು ನೋಡಲೂ ಇಲ್ಲ, ಆಗ ಖರ್ಜೂರದ ಬೀಜ ಉಗುಳುತ್ತಿದ್ದ. ನಾಲ್ಕನೇ ಸುತ್ತಿನಲ್ಲಿ ಮರಳುಗಾಡಿನ ಗಾಳಿ ಎದುರಿಗೆ ನಿಂತಿತು. ಶಮೀಮಳ ಹೆಗಲು ಬಾಗುತ್ತಾ ಬಂತು. ಅಲಿಕುಂಞಿ ಮುಂದೆ ಬಂದು ತನ್ನ ಅಗಲ ಎದೆಯನ್ನು ಗಾಳಿಗೆ ಅಡ್ಡ ಕೊಟ್ಟ.

"ನನ್ನ ಚಕ್ರ ಒಂದೇ ನೋಡು, ಬೇರೆ ಎಂತದೂ ನೋಡಬೇಡ."

"ನಿಮಗೆ ಭಾರ ಆಗುವುದಿಲ್ವಾ?"

"ನೀನು ಒಂದು ಅಕ್ಕಿ ಮೂಟೆಯಷ್ಟು ಇಲ್ಲ ಮಾರಾಯ್ತಿ."

ಎಲ್ಸಿ ಟೀಚರು ಗಡಿಯಾರ ಒತ್ತಿದರು. ನಾಲ್ಕು ಗಂಟೆ ಇಪ್ಪತ್ತಾರು ನಿಮಿಷ. ಎರಡೆರಡು ಸಲ ನೋಡಿ, ಫೋನು ತೆಗೆದು ಎರಡೂ ಹೆಸರು ಹಾಕಿದರು. ಶಮೀಮ ನೆಲದಲ್ಲಿ ಕೂತು ನಗುತ್ತಿದ್ದಳು, ಕಣ್ಣು ಒರೆಸಿಕೊಳ್ಳುತ್ತಲೂ ಇದ್ದಳು.

"ರೇಸು ಜನವರಿ ಕೊನೆಯ ಭಾನುವಾರ," ಎಂದರು ಟೀಚರು. "ನಿಮ್ಮ ಅಂಗಡಿಗೆ ಭಾನುವಾರ ಮಾಲು ಬರುವುದಲ್ವಾ? ರಜೆ ಸಿಗ್ತದಾ, ಮೊದಲೇ ಕೇಳಿ ನೋಡಿ."

"ಕೇಳಿ ಆಗಿದೆ ಟೀಚರೇ. ಸಿಕ್ಕಿದೆ."

"ಯಾವಾಗ ಕೇಳಿದ್ದು?"

"ಹೋದ ತಿಂಗಳು," ಎಂದ ಅಲಿಕುಂಞಿ, ಶೂ ಬಿಚ್ಚುತ್ತಾ. "ಬಿದ್ದ ಮರುದಿನ."