ಆರನೆಯ ಜಾಗಟೆಯ ಮುನಿಸು

ಡಂಗುನಾಯಳಿಗೆ ಸಾಕುಸಾಕಾಗಿ ಹೋಗಿತ್ತು. ಮಗಳ ಮದುವೆಗೆ ಕೋಣ ಕಡಿದಾಗಿತ್ತು, ಅನ್ನ ಬೆಂದಿತ್ತು, ಮನಿಲಾದ ನೆಂಟರು ಕೂಡ ಆ ಹಾಳು ಘಾಟಿ ಹತ್ತಿ ಲುಬುವಾಗನ್‌ಗೆ ಬಂದು ಕೂತಿದ್ದರು. ಅಂಗಳದಲ್ಲಿ ಐದು ಜಾಗಟೆಗಳು ಕಾಯುತ್ತಿದ್ದವು. ಆರನೆಯದು ಮಾತ್ರ ಮೇಲಿನ ಗದ್ದೆಯಂಚಿನ ಮನೆಯಲ್ಲಿ, ಅವಳ ಗಂಡನ ಅಣ್ಣ ಗನ್ನಾವನ ಜೊತೆ ಸೇರಿ ತಾನೂ ಮುನಿಸಿಕೊಂಡು ಕೂತಿತ್ತು.

ಕಾರಣ? ಕಾರ್ಜ! ಬೆಂದ ಮಾಂಸ ಹಂಚುವಾಗ ಕಾರ್ಜ ಮನೆಯ ಹಿರಿಯನಿಗೆ ಹೋಗಬೇಕು. ಗಡಿಬಿಡಿಯಲ್ಲಿ ಡಂಗುನಾಯ್ ಅದನ್ನು ಬೀಗರ ತಟ್ಟೆಗೆ ಹಾಕಿ, ಭಾವನಿಗೆ ಬರೀ ಪಕ್ಕೆಲುಬು ಕಳಿಸಿದ್ದಳು. ಊರೆಲ್ಲ ನೋಡಿಬಿಟ್ಟಿತ್ತು.

ಏದುಸಿರು ಬಿಡುತ್ತ ಅವನ ಬಾಗಿಲಿಗೆ ಹೋಗಿ ನಿಂತಳು. "ಭಾವ, ತಪ್ಪಾಯ್ತು ಅಂತ ಎಷ್ಟು ಸಲ ಹೇಳ್ಲಿ? ಬನ್ನಿ."

"ನಿನ್ನ ಅಂಗಳಕ್ಕೆ ಕಾಲಿಡಲ್ಲ. ಕಾರ್ಜ ತಿಂದೋರೇ ಜಾಗಟೆ ಬಡೀಲಿ."

"ಹಂದಿ ಕಡಿಸ್ತೀನಿ, ಅದರ ಕಾರ್ಜ ಪೂರ್ತಿ ನಿಮಗೇ."

"ಹಂದೀದಾ? ಥೂ!"

ಗಂಡ ಸತ್ತು ಗೋಳು ಹೊಯ್ದುಕೊಂಡ, ಭಾವ ಬದುಕಿ ಗೋಳು ಹೊಯ್ದುಕೊಳ್ಳುತ್ತಿದ್ದಾನೆ ಎಂದು ಗೊಣಗುತ್ತ ಇಳಿದು ಬಂದಳು.

ಕೆಳಗೆ ಮನಿಲಾದ ಸೋದರಳಿಯ ಫೋನು ಹಿಡಿದು ನಿಂತಿದ್ದ. "ಅತ್ತೆ, ಜಾಗಟೆ ಸದ್ದು ಸ್ಪೀಕರಲ್ಲಿ ಹಾಕಿದ್ರಾಯ್ತಲ್ಲ?"

"ಬಾಯ್ಮುಚ್ಕೊಂಡು ಅನ್ನ ತಿನ್ನೋ!"

ಮದುಮಗಳು ಲಿನಾವಾ ಮಣಿಸರ ತೊಟ್ಟು ಕೈಕಟ್ಟಿ ಕೂತಿದ್ದಳು. "ಅಪ್ಪನ ಪೆಟ್ಟಿಲ್ದೆ ನಾನು ಕುಣಿಯಲ್ಲಮ್ಮ."

ಆರನೆಯ ಜಾಗಟೆ ಅವಳಪ್ಪನದು. ಉಳಿದ ಐದೂ ಬಿಟ್ಟ ಸಂದಿನಲ್ಲಿ ಅದರ ಪೆಟ್ಟು ಬೀಳಬೇಕು. ಅವನು ತೀರಿಕೊಂಡ ಮೇಲೆ ಆ ಕೈ ಬರುತ್ತಿದ್ದದ್ದು ಪಕ್ಕದಲ್ಲೇ ಕೂತು ಕಲಿತ ಅಣ್ಣ ಗನ್ನಾವನೊಬ್ಬನಿಗೇ. ಕುಣಿತವಿಲ್ಲದ ಮದುವೆಯೂ ಒಂದು ಮದುವೆಯೇ?

"ಬಡೀರೋ! ಕುಂಟಿದ್ರೆ ಕುಂಟಲಿ!" ಎಂದು ಡಂಗುನಾಯ್ ಕಿರುಚಿದಳು.

ಐವರು ಬಡಿದರು. ಕುಂಟಿತು. ಪ್ರತಿ ಸುತ್ತಿಗೂ ಆ ಸಂದು ಖಾಲಿ ಬೀಳುತ್ತಿತ್ತು. ಲಿನಾವಾ ಕದಲಲಿಲ್ಲ. ಹಾಳಾಗಿ ಹೋಗಲಿ, ನಿಲ್ಲಿಸಿ ಎನ್ನಲು ಡಂಗುನಾಯ್ ಬಾಯಿ ತೆರೆದಳು.

ಆಗ ಮೇಲಿನಿಂದ ಒಂದು ಪೆಟ್ಟು ಬಿತ್ತು, ಸರಿಯಾಗಿ ಆ ಸಂದಿಗೆ. ಮತ್ತೆ ಇನ್ನೊಂದು. ಗನ್ನಾವ್ ತನ್ನ ಹೊಸ್ತಿಲ ಮೇಲೇ ಕೂತು ಬಡಿಯುತ್ತಿದ್ದ. ಅಂಗಳಕ್ಕೆ ಕಾಲಿಟ್ಟಿರಲಿಲ್ಲ, ಆಡಿದ ಮಾತು ಆಡಿದಂತೇ ಇತ್ತು. ಕುಂಟುತ್ತಿದ್ದ ತಾಳ ಎದ್ದು ನಡೆಯಿತು.

ಲಿನಾವಾ ಎದ್ದಳು. ಹದ್ದಿನ ರೆಕ್ಕೆಯಂತೆ ತೋಳು ಚಾಚಿ ಅಂಗಳಕ್ಕಿಳಿದಳು.

ಬೀಗಿತ್ತಿ ನಗುತ್ತ, ಕಾರ್ಜ ಹಾಗೇ ಉಳಿದಿದ್ದ ತನ್ನ ತಟ್ಟೆಯನ್ನು ಡಂಗುನಾಯಳ ಕೈಗಿಟ್ಟಳು. "ತಗೊಂಡ್ಹೋಗಿ ಕೊಡಮ್ಮ, ನಮಗೆ ಪಕ್ಕೆಲುಬೇ ಇರ್ಲಿ."

ಡಂಗುನಾಯ್ ಮತ್ತೆ ಗದ್ದೆಯ ಮೆಟ್ಟಿಲು ಹತ್ತಿದಳು. ಭಾವನ ಎರಡು ಕೈಗೂ ಬಿಡುವಿರಲಿಲ್ಲ. ದೊಡ್ಡದೊಂದು ಕಾರ್ಜದ ತುಂಡು ತೆಗೆದು ಅವನ ಬಾಯಿಗೆ ತುರುಕಿದಳು.

"ಅಗೀರಿ ಭಾವ. ಕೈ ನಿಂತ್ರೆ ಮಾತ್ರ ನೋಡಿ!"

ಅವನು ಅಗಿದ. ಕೆಳಗೆ ಕುಣಿಯುತ್ತಿದ್ದ ತಮ್ಮನ ಮಗಳನ್ನು ನೋಡುತ್ತ ನೋಡುತ್ತ ಅವನ ಕಣ್ಣಲ್ಲಿ ನೀರು ಇಳಿಯತೊಡಗಿತು. ಕೈ ನಿಲ್ಲಲಿಲ್ಲ.

"ಉಪ್ಪು ಸಾಲ್ದು," ಎಂದ.